ಚಾಗೋಸ್: ದ್ವೀಪ ಯಾರದ್ದು ಅನ್ನುವ ಜಗಳದಲ್ಲಿ ದ್ವೀಪದವರು ಎಲ್ಲಿದ್ದಾರೆ?

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಸೂರ್ಯ ಮುಳುಗುವುದೇ ಇಲ್ಲ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆ ಮಾತು ಇವತ್ತಿನ ಬ್ರಿಟನ್‌ಗೂ ಅನ್ವಯಿಸುತ್ತದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಸಾಮ್ರಾಜ್ಯ ಹೋಗಿ ದಶಕಗಳೇ ಆದವು. ಆದರೆ ಅಲ್ಲೊಂದು ಇಲ್ಲೊಂದು ಪುಟ್ಟ ದ್ವೀಪ ಇನ್ನೂ ಅವರ ಕೈಯಲ್ಲಿದೆ. ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹಿಂದೂ ಮಹಾಸಾಗರದ ನಟ್ಟನಡುವೆ ಇರುವ ಚಾಗೋಸ್ ದ್ವೀಪಗಳಲ್ಲಿ ಬೆಳಗಾಗಿರುತ್ತದೆ. ಚಾಗೋಸ್ ಕೈಬಿಟ್ಟರೆ ಕಥೆ ಬೇರೆ. ಅಂಟಾರ್ಕ್ಟಿಕಾದಲ್ಲಿ ಬ್ರಿಟನ್ ತನ್ನದು ಅನ್ನುವ ಜಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಪಿಟ್‌ಕೇರ್ನ್‌ನಲ್ಲಿ ಮುಳುಗಿದ ಸೂರ್ಯ ಸೈಪ್ರಸ್‌ನ ಬ್ರಿಟಿಷ್ ಸೇನಾ ನೆಲೆಗಳಲ್ಲಿ ಹುಟ್ಟುವವರೆಗೆ ಅವರ ಯಾವ ನೆಲದ ಮೇಲೂ ಬಿಸಿಲಿರುವುದಿಲ್ಲ.

ಕ್ವಿಜ್‌ನಲ್ಲಿ ಕೇಳೋದಕ್ಕೆ ಒಳ್ಳೆಯ ಪ್ರಶ್ನೆ ಇದು. ಚಾಗೋಸ್ ಬಗ್ಗೆ ಇಂಥವು ಇನ್ನೂ ಇವೆ. ಆದರೆ ಈಗ ಅದು ಸುದ್ದಿಯಲ್ಲಿರುವುದು ಬೇರೆ ಕಾರಣಕ್ಕೆ. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಇಡೀ ದ್ವೀಪಸಮೂಹ ಮಾರಿಷಸ್‌ಗೆ ಸೇರುತ್ತದೆ, ಅದರಲ್ಲಿ ಅತಿ ದೊಡ್ಡದಾದ ಡಿಯೆಗೊ ಗಾರ್ಸಿಯಾ ಮಾತ್ರ 99 ವರ್ಷದ ಗುತ್ತಿಗೆಯ ಮೇಲೆ ಬ್ರಿಟನ್ ಕೈಯಲ್ಲೇ ಉಳಿಯುತ್ತದೆ. ಯಾಕೆಂದರೆ ಅಲ್ಲಿ ಅಮೆರಿಕದ ದೊಡ್ಡ ಸೇನಾ ನೆಲೆ ಇದೆ. ಈ ಬಗ್ಗೆ ಬಂದ ಬಹುಪಾಲು ಚರ್ಚೆಯಲ್ಲಿ ಲಂಡನ್, ವಾಷಿಂಗ್ಟನ್, ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿ, ನಡುವೆ ದೆಹಲಿ, ಬೀಜಿಂಗ್ ಎಲ್ಲ ಬರುತ್ತವೆ. ಆ ದ್ವೀಪಗಳಲ್ಲಿ ಹುಟ್ಟಿದ ಜನ ಕೊನೆಯ ಪ್ಯಾರಾದಲ್ಲಿ ಬರುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ, ಹಾಗಾಗಿ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಮೊದಲು ಜಾಗ ಎಲ್ಲಿದೆ ಅಂತ ನೋಡೋಣ. ನಕ್ಷೆಯಲ್ಲಿ ಲಕ್ಷದ್ವೀಪದ ಮೇಲೆ ಬೆರಳಿಟ್ಟು ನೇರ ದಕ್ಷಿಣಕ್ಕೆ ಎಳೆಯಿರಿ. ಮಾಲ್ಡೀವ್ಸ್ ಸಿಗುತ್ತದೆ. ಅಲ್ಲಿಂದ ಇನ್ನೂ ಸುಮಾರು 500 ಕಿ.ಮೀ. ಕೆಳಗೆ ಹೋದರೆ ಚಾಗೋಸ್. ಸುಮಾರು 60 ಸಣ್ಣ ಸಣ್ಣ ಹವಳದ ದ್ವೀಪಗಳು. ಮಾರಿಷಸ್ ಅಲ್ಲಿಂದ 2,000 ಕಿ.ಮೀ.ಗೂ ಜಾಸ್ತಿ ದೂರ. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಹೀಗೆ ಒಂದೇ ಸಾಲಿನಲ್ಲಿ ನಿಂತಿರುವುದಕ್ಕೆ ಕಾರಣ ಇದೆ, ಮತ್ತು ಅದು ನಮ್ಮ ಉತ್ತರ ಕರ್ನಾಟಕದವರೆಗೂ ಬರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದ ಒಂದು ಬಿಸಿ ತಾಣದ ಮೇಲೆ ಭಾರತದ ಭೂಫಲಕ ಹಾದುಹೋಗುವಾಗ ಲಾವಾ ಉಕ್ಕಿ ಹರಿದು ದಖ್ಖನಿನ ಕಪ್ಪು ಕಲ್ಲು ಆಯಿತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಎರೆಭೂಮಿ ಆ ಕಲ್ಲು ಸವೆದು ಆದದ್ದು. ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಲ್ಲಿ. ಭೂಫಲಕ ಉತ್ತರಕ್ಕೆ ಸರಿಯುತ್ತಾ ಹೋಯಿತು, ಬಿಸಿ ತಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹಾಗಾಗಿ ಅದು ಸಮುದ್ರದ ತಳದಲ್ಲಿ ಬೆಟ್ಟದ ಸಾಲನ್ನೇ ಬಿಟ್ಟುಕೊಂಡು ಹೋಯಿತು. ಲಕ್ಷದ್ವೀಪದಿಂದ ಚಾಗೋಸ್‌ವರೆಗಿನ ಹವಳ ಬೆಳೆದಿರುವುದು ಆ ಬೆಟ್ಟಗಳ ನೆತ್ತಿಯ ಮೇಲೆ. ಈಗ ಆ ಬಿಸಿ ತಾಣ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿನ ಜ್ವಾಲಾಮುಖಿ ಇವತ್ತಿಗೂ ಉಕ್ಕುತ್ತದೆ.

ಇನ್ನು ಜನ. ಯುರೋಪಿನವರು ಬರುವ ಮುಂಚೆ ಚಾಗೋಸ್‌ನಲ್ಲಿ ಊರು ಅಂತ ಇರಲಿಲ್ಲ. 18ನೇ ಶತಮಾನದ ಕೊನೆಯಲ್ಲಿ ಮಾರಿಷಸ್‌ನಲ್ಲಿದ್ದ ಫ್ರೆಂಚರು ಇಲ್ಲಿ ತೆಂಗಿನ ತೋಟ ಹಾಕಿದರು. ಕೆಲಸಕ್ಕೆ ಮಡಗಾಸ್ಕರ್, ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ತಂದರು. 1814ರಲ್ಲಿ ಪ್ಯಾರಿಸ್ ಒಪ್ಪಂದವಾಗಿ ಮಾರಿಷಸ್ ಜೊತೆಗೆ ಚಾಗೋಸ್ ಕೂಡ ಬ್ರಿಟಿಷರಿಗೆ ಹೋಯಿತು. 1835ರಲ್ಲಿ ಗುಲಾಮಗಿರಿ ನಿಂತ ಮೇಲೆ ಭಾರತದಿಂದ ಬಂದ ಕರಾರು ಕೂಲಿಗಳೂ ಸೇರಿಕೊಂಡರು. ಹೀಗೆ ಆಫ್ರಿಕ, ಮಡಗಾಸ್ಕರ್, ಭಾರತ ಮೂರರ ರಕ್ತ ಬೆರೆತು ಒಂದು ಜನ ಆಯಿತು. ಅವರದ್ದೇ ಕ್ರಿಯೋಲ್ ಮಾತು, ಅವರದ್ದೇ ಹಾಡು ಕುಣಿತ, ಅವರದ್ದೇ ಚರ್ಚು. ತೆಂಗು ಸುಲಿಯುವುದು, ಒಡೆಯುವುದು, ಕೊಬ್ಬರಿ ಮಾಡುವುದು, ಎಣ್ಣೆ ತೆಗೆಯುವುದು ದಿನದ ಕೆಲಸ. ತಿಪಟೂರು, ಅರಸೀಕೆರೆ ಕಡೆಯವರಿಗೆ ಆ ಬದುಕಿನ ಅರ್ಧದಷ್ಟು ಹೇಳದೆಯೇ ಗೊತ್ತಾಗುತ್ತದೆ. ಸುಖದ ಬದುಕು ಅಂತ ನಾನು ಹೇಳುತ್ತಿಲ್ಲ, ತೋಟದ ಕಂಪನಿಯದೇ ರಾಜ್ಯಭಾರ. ಆದರೆ ಮನೆ ಇತ್ತು, ಕೋಳಿ ಹಂದಿ ಇದ್ದವು, ಮೀನಿತ್ತು, ಐದಾರು ತಲೆಮಾರು ಹಿಂದಿನವರ ಸಮಾಧಿಗಳಿದ್ದವು.

1960ರ ದಶಕದಲ್ಲಿ ಅಮೆರಿಕಕ್ಕೆ ಹಿಂದೂ ಮಹಾಸಾಗರದಲ್ಲಿ ಒಂದು ನೆಲೆ ಬೇಕಾಯಿತು. ಡಿಯೆಗೊ ಗಾರ್ಸಿಯಾ ಮೇಲಿನಿಂದ ನೋಡಿದರೆ ಪಾದದ ಗುರುತಿನ ಹಾಗಿದೆ. ಸುತ್ತ ಸಪೂರ ನೆಲ, ನಡುವೆ ಹಡಗು ನಿಲ್ಲುವಷ್ಟು ಆಳದ ನೀರು, ಉದ್ದನೆಯ ರನ್‌ವೇ ಹಾಕಲು ಜಾಗ. ಆದರೆ ಒಂದು ತೊಡಕಿತ್ತು: ಮಾರಿಷಸ್ ಸ್ವತಂತ್ರವಾಗುವ ಹಾದಿಯಲ್ಲಿತ್ತು, ಚಾಗೋಸ್ ಅದರ ಆಡಳಿತದಲ್ಲಿತ್ತು. ವಸಾಹತನ್ನು ಬಿಟ್ಟುಕೊಡುವ ಮುಂಚೆ ಅದನ್ನು ತುಂಡು ಮಾಡಬಾರದು ಅಂತ ವಿಶ್ವಸಂಸ್ಥೆ 1960ರಲ್ಲೇ ನಿರ್ಣಯ ಮಾಡಿತ್ತು. ಆದರೂ 1965ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಮಾತುಕತೆ ನಡೆಯಿತು. ಮಾರಿಷಸ್ ಕಡೆಯ ನಾಯಕ ಶಿವಸಾಗರ ರಾಮಗುಲಾಮ್. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್‌ಗೆ ಅಧಿಕಾರಿಗಳು ಕೊಟ್ಟ ಟಿಪ್ಪಣಿ ಆಮೇಲೆ ಹೊರಗೆ ಬಂತು. ರಾಮಗುಲಾಮ್‌ಗೆ ಸ್ವಾತಂತ್ರ್ಯದ ಆಸೆ ತೋರಿಸಿಯೇ ಹೆದರಿಸಬೇಕು, ಚಾಗೋಸ್ ಬಿಡದಿದ್ದರೆ ಸ್ವಾತಂತ್ರ್ಯ ಸಿಗಲಿಕ್ಕಿಲ್ಲ ಅಂತ ಅವರಿಗೆ ಅನ್ನಿಸಬೇಕು ಅನ್ನುವುದು ಅದರ ಸಾರ. 30 ಲಕ್ಷ ಪೌಂಡ್‌ಗೆ ವ್ಯವಹಾರ ಮುಗಿಯಿತು. 1965ರ ನವೆಂಬರ್ 8ರಂದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರಾಂತ್ಯ ಅನ್ನುವ ಹೊಸ ವಸಾಹತು ಹುಟ್ಟಿತು. ಜಗತ್ತಿನಲ್ಲಿ ವಸಾಹತುಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು ಅನ್ನುವುದನ್ನು ಗಮನಿಸಿ. ಮುಂದಿನ ವರ್ಷ ಅಮೆರಿಕದ ಜೊತೆ 50 ವರ್ಷದ ಕರಾರು ಆಯಿತು, ಅದಕ್ಕೆ ಪ್ರತಿಯಾಗಿ ಬ್ರಿಟನ್‌ಗೆ ಪೊಲಾರಿಸ್ ಕ್ಷಿಪಣಿ ಖರೀದಿಯಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ ಸಿಕ್ಕಿತು. ಸಂಸತ್ತಿಗೆ ಇದನ್ನು ಹೇಳಲೇ ಇಲ್ಲ. ಮಾರಿಷಸ್ 1968ರ ಮಾರ್ಚ್ 12ರಂದು ಸ್ವತಂತ್ರವಾಯಿತು, ಚಾಗೋಸ್ ಇಲ್ಲದೆ.

ಉಳಿದದ್ದು ಜನರ ಪ್ರಶ್ನೆ. ಅಮೆರಿಕಕ್ಕೆ ಬೇಕಿದ್ದದ್ದು ಖಾಲಿ ದ್ವೀಪ. ಅಲ್ಲಿ ಕಾಯಂ ನಿವಾಸಿಗಳಿದ್ದಾರೆ ಅಂತ ಒಪ್ಪಿಕೊಂಡರೆ ವಿಶ್ವಸಂಸ್ಥೆಗೆ ವರದಿ ಕೊಡಬೇಕು, ಅವರ ಹಕ್ಕಿನ ಮಾತು ಬರುತ್ತದೆ. ಅದಕ್ಕೆ ಬ್ರಿಟಿಷ್ ಅಧಿಕಾರಿಗಳು ಕಂಡುಕೊಂಡ ದಾರಿ ಸರಳವಾಗಿತ್ತು. ಅಲ್ಲಿರುವವರೆಲ್ಲ ಹೊರಗಿನಿಂದ ಬಂದ ಗುತ್ತಿಗೆ ಕೆಲಸಗಾರರು, ಕೆಲಸ ಮುಗಿದ ಮೇಲೆ ವಾಪಸ್ ಹೋಗುತ್ತಾರೆ ಅಂತ ದಾಖಲೆ ಬರೆದರು. ಅದು ಸುಳ್ಳು ಅಂತ ಅವರಿಗೂ ಗೊತ್ತಿತ್ತು, ಅವರವರ ನಡುವಿನ ಪತ್ರಗಳೇ ಅದನ್ನು ಹೇಳುತ್ತವೆ. 1966ರ ಒಂದು ಪತ್ರದಲ್ಲಿ ಹಿರಿಯ ಅಧಿಕಾರಿಯೊಬ್ಬ, ಕಡಲಕ್ಕಿಗಳನ್ನು ಬಿಟ್ಟರೆ ಅಲ್ಲಿ ಮೂಲನಿವಾಸಿಗಳು ಯಾರೂ ಇರಬಾರದು ಅನ್ನುವ ಅರ್ಥದಲ್ಲಿ ಬರೆದಿದ್ದಾನೆ.

ಜನರನ್ನು ಖಾಲಿ ಮಾಡಿಸಿದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಔಷಧಕ್ಕೆ, ನೆಂಟರನ್ನು ನೋಡಲು ಮಾರಿಷಸ್‌ಗೆ ಹೋದವರನ್ನು ವಾಪಸ್ ಹಡಗು ಹತ್ತಲು ಬಿಡಲಿಲ್ಲ. ಇವತ್ತು ಚಾಗೋಸ್ ಜನರ ಹೋರಾಟದ ಮುಂಚೂಣಿಯಲ್ಲಿರುವ ಒಲಿವಿಯರ್ ಬಾಂಕೂ ಅವರ ಮನೆಯ ಕಥೆ ಅದೇ. ಅವರು ಪೆರೋಸ್ ಬಾನ್ಹೋಸ್ ದ್ವೀಪದವರು, ಆಗ ನಾಲ್ಕು ವರ್ಷದ ಹುಡುಗ. ಅಕ್ಕನ ಕಾಲಿನ ಮೇಲೆ ಗಾಡಿ ಹರಿದು ಗಾಯವಾಗಿತ್ತು, ಚಿಕಿತ್ಸೆಗೆ ಅಂತ 1968ರಲ್ಲಿ ಇಡೀ ಕುಟುಂಬ ಮಾರಿಷಸ್‌ಗೆ ಬಂತು. ಹುಡುಗಿ ಉಳಿಯಲಿಲ್ಲ. ಮಗಳನ್ನು ಮಣ್ಣು ಮಾಡಿ ತಾಯಿ ಊರಿಗೆ ಟಿಕೆಟ್ ಕೇಳಲು ಹೋದಾಗ, ನಿಮ್ಮ ದ್ವೀಪವನ್ನು ಮಾರಿಬಿಟ್ಟಿದ್ದಾರೆ, ಇನ್ನು ನೀವು ಹೋಗುವ ಹಾಗಿಲ್ಲ ಅಂದರು.

ಅಲ್ಲೇ ಉಳಿದವರಿಗೆ ದಿನಸಿ ತರುವ ಹಡಗು ಕಡಿಮೆ ಮಾಡಿದರು. ತೋಟ ಮುಚ್ಚಿದರು. 1971ರಲ್ಲಿ ಡಿಯೆಗೊ ಗಾರ್ಸಿಯಾದ ನಾಯಿಗಳನ್ನೆಲ್ಲ ಕೊಲ್ಲಲು ಆಜ್ಞೆ ಬಂತು. ಗುಂಡು ಹೊಡೆದರು, ವಿಷ ಇಟ್ಟರು, ಆಗಲಿಲ್ಲ. ಕೊನೆಗೆ ಮಾಂಸದ ಆಸೆ ತೋರಿಸಿ ಕೊಬ್ಬರಿ ಒಣಗಿಸುವ ಶೆಡ್ಡಿನೊಳಗೆ ಕೂಡಿಹಾಕಿ, ಸೇನೆಯ ವಾಹನಗಳ ಹೊಗೆ ಒಳಗೆ ಬಿಟ್ಟು ಉಸಿರುಗಟ್ಟಿಸಿ ಸಾಯಿಸಿದರು. ಮಕ್ಕಳು ಸಾಕಿದ ನಾಯಿಗಳವು. ಹಡಗು ಹತ್ತದೆ ಇದ್ದರೆ ಮುಂದೆ ಏನಾಗಬಹುದು ಅಂತ ಜನರಿಗೆ ಅರ್ಥವಾಗಲು ಬೇರೆ ಎಚ್ಚರಿಕೆ ಬೇಕಿರಲಿಲ್ಲ. ನಾರ್ಡ್‌ವೇರ್ ಅನ್ನುವ ಸರಕು ಹಡಗಿನಲ್ಲಿ ಒಂದೊಂದು ಪೆಟ್ಟಿಗೆ ಹಿಡಿದುಕೊಂಡು ಹೊರಟರು. 1973ರಲ್ಲಿ ಕೊನೆಯ ಗುಂಪು ಪೋರ್ಟ್ ಲೂಯಿ ಬಂದರಿಗೆ ಬಂದಾಗ ಹಡಗಿನಿಂದ ಇಳಿಯಲು ಒಪ್ಪದೆ ಅಲ್ಲೇ ಕೂತರು. ಒಟ್ಟು 1,500ರಿಂದ 2,000 ಜನ, ಕೆಲವರು ಸೇಶೆಲ್ಸ್‌ಗೆ, ಹೆಚ್ಚಿನವರು ಮಾರಿಷಸ್‌ನ ಕೊಳಗೇರಿಗಳಿಗೆ. ತೆಂಗಿನ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲದವರಿಗೆ ಕಬ್ಬಿನ ದೇಶದಲ್ಲಿ ಕೆಲಸ ಎಲ್ಲಿ ಸಿಗಬೇಕು?

ಪರಿಹಾರದ ಕಥೆ ಇನ್ನೂ ನೋವಿನದು. 1972ರಲ್ಲಿ ಬ್ರಿಟನ್ 6.5 ಲಕ್ಷ ಪೌಂಡ್ ಅನ್ನು ಮಾರಿಷಸ್ ಸರ್ಕಾರಕ್ಕೆ ಕೊಟ್ಟಿತು. ಜನರ ಕೈಗೆ ಅದು ಬರಲು ಐದಾರು ವರ್ಷ ಹಿಡಿಯಿತು, ಅಷ್ಟರಲ್ಲಿ ಬೆಲೆಗಳು ಏರಿ ಅದರ ಅರ್ಧ ಬೆಲೆ ಹೋಗಿತ್ತು. ಚಾಗೋಸ್ ಹೆಂಗಸರು ಬೀದಿಗಿಳಿದು ಉಪವಾಸ ಕೂತ ಮೇಲೆ 1982ರಲ್ಲಿ ಇನ್ನೊಂದು 40 ಲಕ್ಷ ಪೌಂಡ್ ಬಂತು. ಅದನ್ನು ತಗೊಳ್ಳುವಾಗ ಇಂಗ್ಲಿಷ್‌ನಲ್ಲಿದ್ದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಊರಿಗೆ ಮರಳುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಅಂತ ಆ ಕಾಗದದಲ್ಲಿತ್ತು. ಓದು ಬರಹ ಬಾರದ ಎಷ್ಟೋ ಜನರಿಗೆ ಅದು ದುಡ್ಡು ತಗೊಂಡ ರಸೀದಿ ಅಷ್ಟೇ ಆಗಿತ್ತು. ಅತ್ತ ಡಿಯೆಗೊ ಗಾರ್ಸಿಯಾದ ನೆಲೆಯಲ್ಲಿ ಅಡುಗೆಗೆ, ಸ್ವಚ್ಛತೆಗೆ ಫಿಲಿಪ್ಪೀನ್ಸ್‌ನಿಂದ ಕೆಲಸಗಾರರನ್ನು ಕರೆಸುತ್ತಿದ್ದರು. ಭದ್ರತೆಯ ಕಾರಣಕ್ಕೆ ಸಾಮಾನ್ಯ ಜನ ಅಲ್ಲಿರುವ ಹಾಗಿಲ್ಲ ಅನ್ನುವ ವಾದವನ್ನು ನಾನು ನಂಬದೆ ಇರುವುದು ಇದೇ ಕಾರಣಕ್ಕೆ.

ನ್ಯಾಯಾಲಯದ ಹೋರಾಟ ಉದ್ದದ್ದು, ಚಿಕ್ಕದಾಗಿ ಹೇಳುತ್ತೇನೆ. 2000ದಲ್ಲಿ ಲಂಡನ್ ಹೈಕೋರ್ಟ್ ಬಾಂಕೂ ಅವರ ಪರ ತೀರ್ಪು ಕೊಟ್ಟು ಹೊರಹಾಕಿದ್ದು ಕಾನೂನುಬಾಹಿರ ಅಂದಿತು. 2004ರಲ್ಲಿ ಸರ್ಕಾರ ರಾಣಿಯ ವಿಶೇಷಾಧಿಕಾರ ಬಳಸಿ, ಸಂಸತ್ತಿನ ಮುಂದೆ ತರದೆ, ಮತ್ತೆ ಬಾಗಿಲು ಹಾಕಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು 3–2ರಿಂದ ಸರ್ಕಾರದ ಪರ ನಿಂತರು. 2010ರಲ್ಲಿ ಬ್ರಿಟನ್ ಸರ್ಕಾರ ಚಾಗೋಸ್ ಸುತ್ತಲಿನ ಸಮುದ್ರವನ್ನು ಭಾರೀ ಸಾಗರ ಮೀಸಲು ಪ್ರದೇಶ ಅಂತ ಘೋಷಿಸಿ ಮೀನುಗಾರಿಕೆ ನಿಷೇಧಿಸಿತು. ಹವಳ ಉಳಿಯಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಮೀನು ಹಿಡಿಯದೆ ಆ ದ್ವೀಪದಲ್ಲಿ ಯಾರು ಬದುಕಲು ಸಾಧ್ಯ? 2015ರಲ್ಲಿ ಸಮುದ್ರ ಕಾನೂನಿನ ನ್ಯಾಯಮಂಡಳಿ, ಮಾರಿಷಸ್‌ನ ಹಕ್ಕನ್ನು ಲೆಕ್ಕಿಸದೆ ಮಾಡಿದ ಆ ಘೋಷಣೆ ತಪ್ಪು ಅಂದಿತು.

ದೊಡ್ಡ ತಿರುವು 2019ರದ್ದು. ಫೆಬ್ರವರಿ 25ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 13–1ರಿಂದ ಹೇಳಿತು: 1965ರಲ್ಲಿ ಚಾಗೋಸ್ ಬೇರ್ಪಡಿಸಿದ್ದು ಕಾನೂನಿಗೆ ಒಪ್ಪುವಂಥದ್ದಲ್ಲ, ಬ್ರಿಟನ್ ಆದಷ್ಟು ಬೇಗ ಅಲ್ಲಿನ ಆಡಳಿತ ಬಿಡಬೇಕು. ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ 116–6 ಮತಗಳಿಂದ ಅದನ್ನೇ ಹೇಳಿತು. ಭಾರತ ಮಾರಿಷಸ್ ಪರ ಮತ ಹಾಕಿತು. ನ್ಯಾಯಾಲಯದ ಮಾತು ಸಲಹೆ ಮಾತ್ರ, ಪಾಲಿಸಲೇಬೇಕು ಅಂತಿಲ್ಲ. ಆದರೂ 2022ರ ಕೊನೆಗೆ ಬ್ರಿಟನ್ ಮಾತುಕತೆಗೆ ಕೂತಿತು. ಯಾಕೆ? ಮುಂದೊಂದು ದಿನ ಬೇರೆ ಯಾವುದಾದರೂ ನ್ಯಾಯಮಂಡಳಿಯ ತೀರ್ಪು ಪಾಲಿಸಲೇಬೇಕಾಗಿ ಬಂದರೆ ನೆಲೆಗೇ ಕುತ್ತು ಬರಬಹುದು ಅನ್ನುವುದು ಸರ್ಕಾರ ಕೊಟ್ಟ ಕಾರಣ. ನೆಲೆಯ ಬೆಲೆ ಸಣ್ಣದಲ್ಲ. 1991ರ ಕೊಲ್ಲಿ ಯುದ್ಧ, 2001ರ ಅಫ್ಘಾನಿಸ್ತಾನ, 2003ರ ಇರಾಕ್, ಮೂರಕ್ಕೂ ಬಾಂಬರ್‌ಗಳು ಇಲ್ಲಿಂದ ಹಾರಿದವು. ನಮ್ಮ ಮೊಬೈಲ್‌ನ ಜಿಪಿಎಸ್ ಉಪಗ್ರಹಗಳಿಗೆ ಸಂದೇಶ ಕಳಿಸುವ ಕೆಲವೇ ಆಂಟೆನಾಗಳಲ್ಲಿ ಒಂದು ಅಲ್ಲಿದೆ.

ಒಪ್ಪಂದಕ್ಕೆ ಸಹಿ ಹಾಕಿದ ಮಾರಿಷಸ್ ಪ್ರಧಾನಿ ನವೀನ್ ರಾಮಗುಲಾಮ್, 1965ರಲ್ಲಿ ಲಂಡನ್‌ನಲ್ಲಿ ಕೂತಿದ್ದ ಶಿವಸಾಗರ ರಾಮಗುಲಾಮ್ ಅವರ ಮಗ. ಮಾರಿಷಸ್‌ಗೆ ಇದು ದೊಡ್ಡ ಗೆಲುವೇ, ಅದರಲ್ಲಿ ಅನುಮಾನ ಬೇಡ. ಗುತ್ತಿಗೆಗೆ ಬ್ರಿಟನ್ ಕೊಡುವುದು ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್. ಚಾಗೋಸ್ ಜನರಿಗಾಗಿ 4 ಕೋಟಿ ಪೌಂಡ್‌ನ ಒಂದು ನಿಧಿ, ಅದನ್ನು ನಡೆಸುವುದು ಮಾರಿಷಸ್. ಡಿಯೆಗೊ ಗಾರ್ಸಿಯಾ ಬಿಟ್ಟು ಉಳಿದ ದ್ವೀಪಗಳಲ್ಲಿ ಜನರನ್ನು ನೆಲೆಗೊಳಿಸಲು ಮಾರಿಷಸ್‌ಗೆ ಅವಕಾಶ ಇದೆ. ಅವಕಾಶ ಇದೆ, ಅಷ್ಟೇ. ಮಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಬ್ರಿಟನ್‌ನಲ್ಲಿ ವಿರೋಧ ಪಕ್ಷಗಳು ದುಡ್ಡಿನ ಲೆಕ್ಕ ಹಿಡಿದು ಗಲಾಟೆ ಮಾಡುತ್ತಿವೆ. ಅಮೆರಿಕದ ನಿಲುವೂ ಗಟ್ಟಿಯಿಲ್ಲ. 2025ರಲ್ಲಿ ಟ್ರಂಪ್ ಸರ್ಕಾರ ಒಪ್ಪಂದವನ್ನು ಸ್ವಾಗತಿಸಿತ್ತು, 2026ರ ಜನವರಿಯಲ್ಲಿ ಟ್ರಂಪ್ ಅವರೇ ಅದನ್ನು ದೊಡ್ಡ ಮೂರ್ಖತನ ಅಂದರು. ಈ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ದ್ವೀಪಗಳು ಬ್ರಿಟನ್ ಸಾರ್ವಭೌಮತ್ವದಲ್ಲೇ ಇರುತ್ತವೆ ಅಂತ 1966ರ ಕರಾರಿನಲ್ಲಿ ಬರೆದಿದೆ. ಆ ಕರಾರು 20 ವರ್ಷ ಮುಂದುವರಿದು 2036ರವರೆಗೆ ಇದೆ, ಅದನ್ನು ಬದಲಿಸಲು ಅಮೆರಿಕದ ಒಪ್ಪಿಗೆ ಬೇಕು.

ಭಾರತಕ್ಕೆ ಇದರಲ್ಲಿ ಎರಡು ಮುಖ ಇದೆ. ಒಂದು ಕಾಲದಲ್ಲಿ, ವಿಶೇಷವಾಗಿ 1971ರಲ್ಲಿ ಅಮೆರಿಕದ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದ ಮೇಲೆ, ಹಿಂದೂ ಮಹಾಸಾಗರದಲ್ಲಿ ಹೊರಗಿನವರ ನೆಲೆ ಬೇಡವೇ ಬೇಡ ಅನ್ನುತ್ತಿದ್ದೆವು. ಈಗ ಚೀನಾದ ಹಡಗುಗಳ ಓಡಾಟ ಜಾಸ್ತಿಯಾಗಿದೆ, ಹಾಗಾಗಿ ಡಿಯೆಗೊ ಗಾರ್ಸಿಯಾ ಅಮೆರಿಕದ ಕೈಯಲ್ಲಿದ್ದರೆ ದೆಹಲಿಗೆ ತೊಂದರೆ ಇಲ್ಲ. ದ್ವೀಪ ಮಾರಿಷಸ್‌ನದ್ದು, ನೆಲೆ ಅಮೆರಿಕದ್ದು ಅನ್ನುವ ಈ ಏರ್ಪಾಡು ಭಾರತಕ್ಕೆ ಎರಡೂ ಕಡೆ ಒಗ್ಗುತ್ತದೆ. ಮಾರಿಷಸ್‌ಗೇ ಸೇರಿದ ಅಗಲೇಗ ದ್ವೀಪದಲ್ಲಿ ಭಾರತ ಕಟ್ಟಿಸಿದ ವಿಮಾನದ ರನ್‌ವೇ ಮತ್ತು ಹಡಗುಕಟ್ಟೆ 2024ರ ಫೆಬ್ರವರಿ 29ರಂದು ಉದ್ಘಾಟನೆ ಆಯಿತು. ವಸಾಹತುಶಾಹಿ ಮುಗಿಯಬೇಕು ಅಂತ ನಾವು ವಿಶ್ವಸಂಸ್ಥೆಯಲ್ಲಿ ಹೇಳುವುದು ಸರಿಯೇ. ಚಾಗೋಸ್ ಜನರ ಮರಳುವ ಹಕ್ಕಿನ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ.

ಬೆಂಗಳೂರಿನ ಐಟಿಯವರಿಗೆ ಗೊತ್ತಿಲ್ಲದೆಯೇ ಗೊತ್ತಿರುವ ಇನ್ನೊಂದು ನಂಟು ಇದೆ. ಎಷ್ಟೋ ಸ್ಟಾರ್ಟ್‌ಅಪ್‌ಗಳ ವೆಬ್ ವಿಳಾಸ ಡಾಟ್ ಐಒ ಅಂತ ಮುಗಿಯುತ್ತದೆ. ಭಾರತಕ್ಕೆ ಡಾಟ್ ಐಎನ್ ಇರುವ ಹಾಗೆ, ಅದು ಈ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರಾಂತ್ಯಕ್ಕೆ ಕೊಟ್ಟ ವಿಳಾಸ. ಪ್ರಾಂತ್ಯವೇ ಇಲ್ಲವಾದರೆ ಆ ಎರಡಕ್ಷರದ ಸಂಕೇತ ಅಂತಾರಾಷ್ಟ್ರೀಯ ಪಟ್ಟಿಯಿಂದ ಹೋಗಬಹುದು, ಆಮೇಲೆ ವಿಳಾಸವೂ ಕೆಲವು ವರ್ಷದಲ್ಲಿ ನಿಲ್ಲಬೇಕಾಗುತ್ತದೆ. ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಹಾಗೇ ಹೋಯಿತು. ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಮಾತ್ರ ದೇಶ ಹೋಗಿ ಮೂರು ದಶಕ ಕಳೆದರೂ ಉಳಿದುಕೊಂಡಿತು. ಹಾಗಾಗಿ ಈಗಲೇ ಗಾಬರಿ ಬೇಡ. ಈ ವಿಳಾಸ ಮಾರಿ ಬಂದ ದುಡ್ಡಿನಲ್ಲಿ ನಮಗೂ ಪಾಲು ಬೇಕು ಅಂತ ಚಾಗೋಸ್ ಜನ ಕೇಳಿದ್ದಾರೆ. ನನಗೆ ಅದು ಪೂರ್ತಿ ನ್ಯಾಯವಾದ ಬೇಡಿಕೆ ಅನ್ನಿಸುತ್ತದೆ.

ಹಾಗಾದರೆ ಅವರಿಗೆ ಏನು ಬೇಕು? ಒಂದೇ ಉತ್ತರ ಇಲ್ಲ. ಬಾಂಕೂ ಮತ್ತು ಅವರ ಸಂಘಟನೆ ಒಪ್ಪಂದದ ಪರ ಇದ್ದಾರೆ. ಮಾರಿಷಸ್ ಮೂಲಕವಾದರೂ ಚಾಗೋಸ್‌ನದೇ ಆದ ಪೆರೋಸ್ ಬಾನ್ಹೋಸ್, ಸಾಲೊಮನ್ ದ್ವೀಪಗಳಿಗೆ ಹೋಗಬಹುದಲ್ಲ ಅನ್ನುವುದು ಅವರ ಲೆಕ್ಕ. ಬ್ರಿಟನ್‌ನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಹತ್ತಿರದ ಕ್ರಾಲಿ ಪಟ್ಟಣದಲ್ಲಿ ನೆಲೆಸಿರುವ ದೊಡ್ಡ ಗುಂಪಿನಲ್ಲಿ ಹಲವರಿಗೆ ಮಾರಿಷಸ್ ಮೇಲೆ ನಂಬಿಕೆಯೇ ಇಲ್ಲ. ಅಲ್ಲಿ ದಶಕಗಳ ಕಾಲ ಎರಡನೇ ದರ್ಜೆಯವರ ಹಾಗೆ ಬದುಕಿದ ನೆನಪು ಅವರಿಗಿದೆ. ಡಿಯೆಗೊ ಗಾರ್ಸಿಯಾದಲ್ಲಿ ಹುಟ್ಟಿದ ಇಬ್ಬರು ಹೆಂಗಸರು ಕೋರ್ಟಿಗೆ ಹೋಗಿ, ಸಹಿ ಬೀಳಬೇಕಿದ್ದ ಮೇ 22ರ ಬೆಳಗಿನ ಜಾವ ತಡೆಯಾಜ್ಞೆಯನ್ನೂ ತಂದಿದ್ದರು. ಕೆಲವೇ ಗಂಟೆಗಳಲ್ಲಿ ಅದು ತೆರವಾಯಿತು, ಅದೇ ದಿನ ಸಹಿ ಬಿತ್ತು. ಮಾತುಕತೆ ನಡೆದದ್ದು ಎರಡು ಸರ್ಕಾರಗಳ ನಡುವೆ, ನಾವು ಸುದ್ದಿ ನೋಡಿ ತಿಳಿದುಕೊಳ್ಳಬೇಕಾಯಿತು ಅನ್ನುವುದು ಅವರಲ್ಲಿ ಅನೇಕರ ಸಿಟ್ಟು. ಹ್ಯೂಮನ್ ರೈಟ್ಸ್ ವಾಚ್ 2023ರ ವರದಿಯಲ್ಲಿ, ಈ ಜನರಿಗೆ ಆದದ್ದು ಮನುಕುಲದ ವಿರುದ್ಧದ ಅಪರಾಧ ಅಂತ ನೇರವಾಗಿ ಬರೆದಿತ್ತು.

ಒಪ್ಪಂದ ಜಾರಿಯಾಗಲಿ, ಮುರಿದು ಬೀಳಲಿ, ಎರಡರಲ್ಲೂ ಡಿಯೆಗೊ ಗಾರ್ಸಿಯಾದವರು ಅಲ್ಲಿ ಮನೆ ಕಟ್ಟುವ ಹಾಗಿಲ್ಲ. ಕೊನೆಯ ಹಡಗು ಹೊರಟದ್ದು 1973ರಲ್ಲಿ, ಅಂದರೆ ಚಾಗೋಸ್‌ನಲ್ಲಿ ಹುಟ್ಟಿ ಹೊರದೂಡಲ್ಪಟ್ಟ ಅತಿ ಕಿರಿಯರಿಗೂ ಈಗ 50 ದಾಟಿದೆ. ಇಷ್ಟು ಚದುರಿದ ಜನರ ಅಭಿಪ್ರಾಯ ಕೇಳುವುದು ಕಷ್ಟ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಅದು ನಿಲ್ಲುವ ವಾದವಲ್ಲ. ಇವರು ಇರುವುದು ಮುಖ್ಯವಾಗಿ ಮೂರು ದೇಶಗಳಲ್ಲಿ: ಮಾರಿಷಸ್, ಸೇಶೆಲ್ಸ್, ಬ್ರಿಟನ್. ಪರಿಹಾರ ಹಂಚುವಾಗ ಪಟ್ಟಿ ಮಾಡಿದ್ದರು. 2002ರಲ್ಲಿ ಕೆಲವರಿಗೆ, 2022ರ ಕಾನೂನಿನಿಂದ ಅವರ ವಂಶದವರಿಗೆ ಬ್ರಿಟಿಷ್ ಪೌರತ್ವ ಕೊಡುವಾಗ ಯಾರು ಯಾವ ದ್ವೀಪದವರು, ಯಾರ ಮಗ, ಯಾರ ಮೊಮ್ಮಗಳು ಅಂತ ಸರ್ಕಾರವೇ ಕಾಗದಪತ್ರ ಕೇಳಿ ಪಡೆದಿದೆ. ಆ ಪಟ್ಟಿಗಳನ್ನು ಇಟ್ಟುಕೊಂಡು ಮತಪತ್ರ ಕಳಿಸಬಹುದು. ಯಾವ ಧ್ವಜ ಬೇಕು, ಯಾವ ದ್ವೀಪಕ್ಕೆ ಹೋಗಬೇಕು, ಹೋಗುವುದಕ್ಕೆ ಮನಸ್ಸು ಇದೆಯೋ ಇಲ್ಲವೋ ಅಂತ ಅವರನ್ನೇ ಕೇಳಬಹುದು, ಮತ್ತು ಬಂದ ಉತ್ತರಕ್ಕೆ ಎರಡೂ ಸರ್ಕಾರಗಳು ಬದ್ಧವಾಗಬೇಕು ಅನ್ನುವ ಒಂದು ಸಾಲನ್ನು ಒಪ್ಪಂದಕ್ಕೆ ಇನ್ನೂ ಸೇರಿಸಬಹುದು.